ದೂರ್-ಇಶ್ಮೆಯ ಬಾಗಿಲು ಕಳವು

ಅಬು ತಿಂಗಳ ಆರನೆಯ ದಿನ ಬೆಳಿಗ್ಗೆ, ಬಿಸಿಲು ಕೋಟೆಗೋಡೆಯ ನೆತ್ತಿಯಿಂದ ಇನ್ನೂ ಕೆಳಗಿಳಿಯುವ ಮೊದಲೇ, ದೂರ್-ಇಶ್ಮೆ ನಗರದ ದಕ್ಷಿಣ ದ್ವಾರದ ಠಾಣೆಗೆ ಎಣ್ಣೆ ವ್ಯಾಪಾರಿ ಗಿಮಿಲ್ ಏದುಸಿರು ಬಿಡುತ್ತ ಬಂದ. ಠಾಣಾಧಿಕಾರಿ ನೂರ್-ಕಬ್ತ ಈರುಳ್ಳಿ ಕಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದ.

"ಸ್ವಾಮಿ, ಮನೆ ಬಾಗಿಲು ಕಳವಾಗಿದೆ."

"ಬಾಗಿಲು ಒಡೆದು ಏನು ಕದ್ದರು?"

"ಏನೂ ಕದ್ದಿಲ್ಲ. ಬಾಗಿಲನ್ನೇ ಕದ್ದಿದಾರೆ."

"ಯಾವಾಗ?"

"ನಿನ್ನೆ. ಹಿರಿಯರಿಗೆ ನೀರು ಬಿಡೋಕೆ ಎಲ್ಲರೂ ಹೊಳೆಗೆ ಹೋಗಿದ್ವಲ್ಲ, ಆಗ."

"ನಿನ್ನೆಯೇ ಯಾಕೆ ಬರಲಿಲ್ಲ?"

ಗಿಮಿಲ್ ಮೂಲೆಯತ್ತ ನೋಡಿದ. ಅಲ್ಲಿ ಪೇದೆ ಅವೀಲಿಯ ದೂರು ಬರೆಯಲು ಜೇಡಿಮಣ್ಣು ನಾದುತ್ತಿದ್ದ. "ಬಂದಿದ್ದೆ ಸ್ವಾಮಿ. ಹಿರಿಯರಿಗಿಟ್ಟ ಹೆಂಡಾನ ಇವರು ಕುಡಿದು ಮಲಗಿದ್ರು."

"ಹಿರಿಯರು ಕುಡೀಲಿಲ್ಲ, ಚೆಲ್ಲಬಾರದು ಅಂತ ಕುಡಿದೆ," ಎಂದ ಅವೀಲಿಯ, ತಲೆ ಎತ್ತದೆ.

ವಿಷಯ ನಗುವಂಥದ್ದಾಗಿರಲಿಲ್ಲ. ಆ ಸೀಮೆಯಲ್ಲಿ ಇಟ್ಟಿಗೆಗೆ ಬರವಿಲ್ಲ, ಮರಕ್ಕೆ ಬರ. ಒಳ್ಳೆಯ ಬಾಗಿಲನ್ನು ಮಗಳಿಗೆ ಬಳುವಳಿ ಕೊಡುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ನಗರದ ಕಟ್ಟಳೆಯೊಂದಿತ್ತು: ಬಾಗಿಲಿಲ್ಲದ್ದು ಮನೆಯಲ್ಲ, ಬಯಲು, ಬಯಲಿನಲ್ಲಿರುವ ಗಂಡುಹೆಣ್ಣು ಗಂಡಹೆಂಡಿರಲ್ಲ. ಬಾಗಿಲು ಹೋದ ಮರುದಿನ ಹೊತ್ತು ಮುಳುಗುವವರೆಗೆ ಮಾತ್ರ ಅವಕಾಶ.

"ನಮ್ಮ ಮಾವ ಆಗಲೇ ಕತ್ತೆ ತಂದು ಬೀದಿಯಲ್ಲಿ ಕಟ್ಟಿದಾನೆ," ಎಂದ ಗಿಮಿಲ್. ಅವನ ದನಿ ಕುಸಿಯಿತು. "ಮಗಳನ್ನ ಕರ್ಕೊಂಡು ಹೋಗ್ತಾನಂತೆ. ಅವನಿಗೆ ಮೊದಲಿಂದ್ಲೂ ನನ್ನ ಕಂಡ್ರಾಗಲ್ಲ."

"ಹೆಂಡತಿ ಏನಂತಾಳೆ?"

"ಜಕೀತಿ ಅಳ್ತಾ ಕೂತಿದಾಳೆ ಸ್ವಾಮಿ."

ನೂರ್-ಕಬ್ತ ರೊಟ್ಟಿ ಬದಿಗಿಟ್ಟು ಕೈ ಒರೆಸಿಕೊಂಡ. ಹಸಿಮಣ್ಣಿನ ಹಲಗೆಯ ಮೇಲೆ ಪ್ರಥಮ ವರ್ತಮಾನ ವರದಿ ದಾಖಲಾಯಿತು.

ಸ್ಥಳ ಪಂಚನಾಮೆಗೆ ಹೋದಾಗ ಗಿಮಿಲನ ಮಾವ ಕತ್ತೆಗೆ ಹುಲ್ಲು ಹಾಕುತ್ತ ಹಾಡು ಗುನುಗುತ್ತಿದ್ದ. ಜಕೀತಿ ಬಾಗಿಲಿಲ್ಲದ ಹೊಸ್ತಿಲಿನ ಒಳಗಡೆ, ಹೊರಗೆ ಕಾಲಿಟ್ಟರೆ ಎಲ್ಲಿ ಮದುವೆ ಮುರಿದೀತೋ ಎಂಬಂತೆ ಮುದುಡಿ ಕೂತಿದ್ದಳು. ನೆರೆಯ ಇಬ್ಬರು ಗಂಡಸರು ಪಂಚರಾಗಿ ನಿಂತರು.

ನೂರ್-ಕಬ್ತ ಮಂಡಿಯೂರಿ ನೋಡಿದ. ಬಾಗಿಲಿನ ತಿರುಗುಗೂಟ ಕೂರುವ ಕಲ್ಲುಕುಳಿಯಲ್ಲಿ ಎಳ್ಳೆಣ್ಣೆ ನಿಂತಿತ್ತು. ಗೋಡೆಯ ಮಣ್ಣು ಒಂದು ಹೆಕ್ಕಳೆಯೂ ಉದುರಿರಲಿಲ್ಲ.

"ಕುಳಿಗೆ ಎಣ್ಣೆ ಬಿಟ್ಟೋರು ಯಾರು?"

"ನಾನಲ್ಲ," ಎಂದ ಗಿಮಿಲ್. "ಎಣ್ಣೆ ಮಾರ್ತೀನಿ, ಬಾಗಿಲಿಗೆ ಕುಡಿಸೋವಷ್ಟು ಸಿರಿವಂತ ಅಲ್ಲ."

"ಕೀಲು ಒಣಗಿದ್ದಾಗ ಬಾಗಿಲು ಸದ್ದು ಮಾಡ್ತಿತ್ತಾ?"

ಉತ್ತರ ಕೊಟ್ಟವಳು ಜಕೀತಿ. "ಮಾಡ್ತಿತ್ತು ಅಣ್ಣಾ. ಮೊದಲು ಕೊರಗಿ, ಆಮೇಲೆ ಯಾರೋ ನಿಟ್ಟುಸಿರು ಬಿಟ್ಟಂಗೆ. ಬಂದ ಹೊಸದರಲ್ಲಿ ಹೆದರ್ಕೊಳ್ತಿದ್ದೆ. ಈಗ ಅದಿಲ್ದೆ ನಿದ್ದೆ ಬರ್ಲಿಲ್ಲ."

ಹಿತ್ತಿಲಿನ ಕಾಲುವೆಯವರೆಗೆ ಧೂಳಿನಲ್ಲಿ ಅಗಲವಾದ ಎಳೆತದ ಗುರುತಿತ್ತು. ಅದರ ಪಕ್ಕದಲ್ಲಿ ಒಬ್ಬರದೇ ಹೆಜ್ಜೆ, ಬರಿಗಾಲು, ಚಿಕ್ಕ ಪಾದ. ಗುರುತು ನೀರಿನಲ್ಲಿ ಮುಗಿಯಿತು.

"ಒಬ್ಬರೇ ಅಷ್ಟು ದೊಡ್ಡ ಬಾಗಿಲು ಕಿತ್ತಿದಾರಾ?" ಎಂದು ಅವೀಲಿಯ ಬಾಯಿ ತೆರೆದ. "ದೆವ್ವ ಇರಬೇಕು ಸಾಹೇಬ್ರೆ."

"ದೆವ್ವಕ್ಕೆ ಬಾಗಿಲು ಯಾಕಯ್ಯಾ? ಇದು ಬಾಗಿಲಿನ ಸ್ವಭಾವ ಗೊತ್ತಿರೋರ ಕೆಲಸ. ಅದನ್ನ ಎಷ್ಟು ತೆರೆದು ಎತ್ತಿದ್ರೆ ಹಗುರ ಆಗುತ್ತೆ ಅಂತ ತಿಳಿದೋರು. ಗಿಮಿಲ್, ಈ ಬಾಗಿಲು ನಿಮ್ಮ ಮನೆಗೆ ಎಲ್ಲಿಂದ ಬಂತು?"

ಪಂಚರು ಕಾಲುವೆಯ ಕಡೆಗೆ ಮುಖ ತಿರುಗಿಸಿದರು. ಗಿಮಿಲ್ ಬೆವರು ಒರೆಸಿಕೊಂಡು, "ನಮ್ಮಪ್ಪ ಕೊಂಡುಕೊಂಡಿದ್ದು. ಅದಕ್ಕೂ ಹಿಂದೆ... ಸ್ವಾಮಿ, ಅದಕ್ಕೂ ಹಿಂದೆ ಏನೂ ಇರಲಿಲ್ಲ," ಎಂದ.

ಅವನು ಹೇಳಿದ್ದು ಕಾನೂನಿನ ಪ್ರಕಾರ ಸರಿಯೇ ಆಗಿತ್ತು. ನಲವತ್ತು ವರ್ಷದ ಕೆಳಗೆ ನದಿ ತನ್ನ ಪಾತ್ರ ಬಿಟ್ಟು ಬೇರೆಡೆಗೆ ಹೊರಳಿದಾಗ ದೂರ್-ಇಶ್ಮೆಯ ಜನ ಗೋಡೆಗಳನ್ನು ಅಲ್ಲೇ ಬಿಟ್ಟು, ಬಾಗಿಲುಗಳನ್ನು ಕಿತ್ತು ಕತ್ತೆಗಳ ಮೇಲೆ ಹೇರಿಕೊಂಡು, ನದಿಯ ಹಿಂದೆ ನಡೆದುಬಂದು ಇಲ್ಲಿ ಊರು ಕಟ್ಟಿದ್ದರು. ಆದರೆ ದೇವಾಲಯದ ಕಲ್ಲಿನಲ್ಲಿ, ಊರದೇವರು ಸೃಷ್ಟಿಯ ಮೊದಲ ದಿನದಿಂದ ತನ್ನ ನೆಲ ಬಿಟ್ಟು ಕದಲಿಲ್ಲ ಎಂದು ಕೆತ್ತಿತ್ತು. ದೇವರು ಸುಳ್ಳಾಗುವಂತಿಲ್ಲ, ಕಲ್ಲನ್ನು ತಿದ್ದುವಂತಿಲ್ಲ. ಅರಸ ಬಹಳ ಯೋಚಿಸಿ, ನಗರ ಯಾವಾಗಲೂ ಇಲ್ಲೇ ಇತ್ತು ಎಂದು ಕಾನೂನು ಮಾಡಿದ. 'ಹಳೇ ಊರು' ಎಂದವನು ಒಂದು ತಿಂಗಳು ಮೂಕನಾಗಿರಬೇಕು. ಎಲ್ಲರೂ ಒಪ್ಪಿಕೊಂಡರು. ಆಗ ನೂರ್-ಕಬ್ತ ಒಂಬತ್ತು ವರ್ಷದ ಹುಡುಗ. ಹಾಸಿಗೆಗಂಟಿನ ಮೇಲೆ ಕೂತು, ಕುಂಬಾರಗೇರಿಯ ಅಂಜೂರದ ಮರ ಚಿಕ್ಕದಾಗುತ್ತ ಹೋಗುವುದನ್ನು ನೋಡುತ್ತ ಬಂದಿದ್ದ. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಮಧ್ಯಾಹ್ನಕ್ಕೆ ಮೊದಲು ಅವನೂ ಅವೀಲಿಯನೂ ಕಾಲುವೆಗುಂಟ ಕೆಳಗೆ ನಡೆದು ತೂಬಿನ ಕಾವಲುಗಾರನನ್ನು ವಿಚಾರಿಸಿದರು.

"ನಿನ್ನೆ ಈ ದಾರಿ ಏನು ಹೋಯ್ತು?"

"ದೋಣಿ ಒಂದೂ ಇಲ್ಲ."

"ದೋಣಿ ಕೇಳ್ಲಿಲ್ಲ. ಏನು ಹೋಯ್ತು?"

"ಒಂದು ಹಲಗೆ ಹೋಯ್ತು. ಮೇಲೆ ಜೊಂಡಿನ ಹೊರೆ. ಅದರ ಮೇಲೆ ಒಬ್ಬ ಮುದುಕಿ, ಗಳ ಊರಿ ತಳ್ಕೊಂಡು ಹೋದ್ಲು."

"ತಡೀಲಿಲ್ವಾ?"

"ದೋಣಿಗಾದ್ರೆ ಸುಂಕ ಇದೆ, ಹಲಗೆಗೆ ಎಲ್ಲಿದೆ? 'ಉಂಡೆಯೇನಪ್ಪಾ' ಅಂತ ಬೇರೆ ಕೇಳಿದ್ಲು. ಹಬ್ಬದ ದಿನ ನನ್ನ ಯಾರೂ ಕೇಳಿರಲಿಲ್ಲ."

"ಮುಖ?"

"ಸೆರಗು ಹೊದ್ದಿದ್ಲು."

ಕಾಲುವೆಯ ಕೆಳಗೆ ಜೊಂಡು ಕೊಯ್ಯುವವರ ಗುಡಿಸಲುಗಳು ನೂರಾರು. ಒಂದೊಂದನ್ನೇ ಜಾಲಾಡಲು ಹೊತ್ತಿರಲಿಲ್ಲ. ನೂರ್-ಕಬ್ತ ಹಿಂದಿರುಗಿ ಬಡಗಿ ಪುಜೂರನ ಅಂಗಳಕ್ಕೆ ಹೋದ. ಮೊದಲ ಬಾಗಿಲುಗಳನ್ನೆಲ್ಲ ಇಲ್ಲಿ ನಿಲ್ಲಿಸಿದ್ದವನು ಪುಜೂರ್. ಈಗ ಹಲ್ಲಿಲ್ಲ, ನೆರಳಿನಲ್ಲಿ ಕೂತು ಖರ್ಜೂರ ಚೀಪುತ್ತಿದ್ದ.

"ಗಿಮಿಲ್ ಮನೆ ಬಾಗಿಲು ಮೊದಲು ಯಾರದು, ಅಜ್ಜಾ?"

"ಮೊದಲು ಅನ್ನೋದೇ ಇಲ್ವಲ್ಲಪ್ಪ." ಮುದುಕ ಕಣ್ಣು ಕಿರಿದು ಮಾಡಿದ. "ಬಾಯಿ ಕಟ್ಟಿಸೋಕೆ ಬಂದೆಯಾ?"

"ಕನಸು ಬೀಳೋದಿಲ್ವಾ ನಿನಗೆ?"

ಅವೀಲಿಯ ಸಾಹೇಬರ ಮುಖ ನೋಡಿದ. ನೂರ್-ಕಬ್ತ ಶಾಂತವಾಗಿ ಹೇಳಿದ: "ಕನಸು ಕಳಿಸೋನು ದೇವರು. ಕನಸಿಗೆ ಕಾನೂನಿಲ್ಲ. ಬರ್ಕೋ, ಸಾಕ್ಷಿಯ ಕನಸು."

ಪುಜೂರ್ ಖರ್ಜೂರದ ಬೀಜ ಉಗಿದು ಗೋಡೆಗೊರಗಿದ. ಅವನ ಮುಖದ ಗೆರೆಗಳು ಒಂದೊಂದಾಗಿ ಸಡಿಲವಾದವು.

"ಕನಸಲ್ಲಿ ಒಂದು ಕುಂಬಾರಗೇರಿ ಇರುತ್ತೆ. ಸಂಜೆ ಮಡಕೆ ಸುಡೋ ಆವಿಗೆಯ ಹೊಗೆ ಎದ್ದು ಬೀದಿಯೆಲ್ಲಾ ಕಣ್ಣುರಿ. ಕೊನೇಲಿ ಅಂಜೂರದ ಮರ. ಮರದ ಎದುರಿಗೆ ಬುಜಾಜು ಅಂತ ಒಬ್ಬ ಕುಂಬಾರನ ಮನೆ. ಆ ಬಾಗಿಲು ಅವನ ತಾತ ಮಾಡಿಸಿದ್ದು, ಹಿಪ್ಪುನೇರಳೆ ಮರ. ನೆರೆ ಬಂದಾಗಲೆಲ್ಲ ಅವನು, ಅವನ ಹೆಂಡ್ತಿ ಇಬ್ಬರೇ ಅದನ್ನ ಎತ್ತಿ ಮಾಳಿಗೆಗೆ ಏರಿಸೋರು. ಊರಿಗೆಲ್ಲ ನಗು. ಮಗುವನ್ನ ಎತ್ತೋ ಹಾಗೆ ಎತ್ತುತಾರೆ ಅಂತ."

"ಆಮೇಲೆ?"

"ಆಮೇಲೆ ಎಚ್ಚರ ಆಗುತ್ತೆ." ಮುದುಕ ಇನ್ನೊಂದು ಖರ್ಜೂರ ಕೈಗೆ ತೆಗೆದುಕೊಂಡ. "ಎಚ್ಚರದಲ್ಲಿ ಹೇಳ್ತೀನಿ ಕೇಳು. ಇಲ್ಲಿ ಮೊದಲ ಬರ ಬಂದಾಗ ಬುಜಾಜು ಹೆಂಡ್ತಿ ಲಮಸ್ಸಿ ಜವೆಗೋಧಿಗೆ ಬಾಗಿಲು ಮಾರಿದ್ಲು. ಇಲ್ಲಿನ ಮಣ್ಣು ಚಕ್ರಕ್ಕೆ ನಿಲ್ಲಲ್ಲ. ಅವನಿಗೆ ಕಸುಬೇ ಹೋಯ್ತು. ಇಬ್ಬರೂ ಜೊಂಡು ಕೊಯ್ಯೋಕೆ ಇಳಿದ್ರು."

ಹೊರಗೆ ಬಂದ ಮೇಲೆ ಅವೀಲಿಯ ಮೆಲ್ಲನೆ ಕೇಳಿದ. ಅವನು ಹುಟ್ಟಿದ್ದು ಇಲ್ಲೇ. "ಸಾಹೇಬ್ರೆ, ಅಂಜೂರದ ಮರ ನಿಜವಾಗ್ಲೂ ಇತ್ತಾ?"

"ಕನಸಲ್ಲಿ ಹಣ್ಣು ಸಿಹಿ ಇತ್ತು," ಎಂದ ನೂರ್-ಕಬ್ತ.

ಜೊಂಡುಗೇರಿಯಲ್ಲಿ ಪ್ರತಿ ಗುಡಿಸಲಿಗೂ ಬಾಗಿಲಿನ ಬದಲು ಚಾಪೆ ಇಳಿಬಿಟ್ಟಿತ್ತು. ಅವರ ಸಂಸಾರ ಸಂಸಾರವಲ್ಲವೆಂದು ಎಣಿಸುವ ಪುರುಸೊತ್ತು ಯಾವ ಕಾನೂನಿಗೂ ಇರಲಿಲ್ಲ. ಹೊತ್ತು ಇಳಿಯುತ್ತಿತ್ತು. ಕೊನೆಯ ಸಾಲಿಗೆ ಬಂದಾಗ ನೂರ್-ಕಬ್ತ ತಟಕ್ಕನೆ ನಿಂತ. ಎಲ್ಲೋ ಏನೋ ಕೊರಗಿ, ಆಮೇಲೆ ದೀರ್ಘವಾಗಿ ನಿಟ್ಟುಸಿರು ಬಿಟ್ಟಿತು.

ಕುಳ್ಳನೆಯ ಮಣ್ಣಿನ ಗುಡಿಸಲಿಗೆ, ಸೂರಿಗಿಂತ ಎತ್ತರವಾಗಿ, ದೊಡ್ಡ ಹಿಪ್ಪುನೇರಳೆ ಬಾಗಿಲು ನಿಂತಿತ್ತು. ಅದನ್ನು ಕೂರಿಸಲು ಸೂರಿನ ಜೊಂಡನ್ನು ಕತ್ತರಿಸಿದ್ದರು. ತೆರೆದವಳು ಕಡ್ಡಿಯಂಥ ಮುದುಕಿ. ಕಳ್ಳರನ್ನು ಕಟ್ಟಲು ಇಬ್ಬರೂ ಸೊಂಟಕ್ಕೆ ಸುತ್ತಿಕೊಂಡಿದ್ದ ಠಾಣೆಯ ಹಗ್ಗ ನೋಡಿ ಅವಳಿಗೆ ಅರ್ಥವಾಯಿತು.

"ಲಮಸ್ಸಿ?"

"ಹೌದು. ಮೆಲ್ಲಗೆ ಮಾತಾಡಪ್ಪ. ಈಗಷ್ಟೇ ಅವನಿಗೆ ನಿದ್ದೆ ಹತ್ತಿದೆ."

ಒಳಗೆ ಗೋಡೆಗೊರಗಿ ಬುಜಾಜು ತೂಕಡಿಸುತ್ತಿದ್ದ. ಹೊರಗೆ ನಡೆದು ನಡೆದು ಒಡೆದ ಅವನ ಅಂಗಾಲುಗಳಿಗೆ ಅವಳು ಕೊಬ್ಬು ಸವರಿ ಬಟ್ಟೆ ಸುತ್ತಿದ್ದಳು.

"ಈ ಬಾಗಿಲು ಗಿಮಿಲನದು. ಒಪ್ತೀಯಾ?"

"ಒಪ್ತೀನಿ."

"ಯಾರ ಸಹಾಯ?"

"ತರೋಕೆ ಯಾರೂ ಇಲ್ಲ. ನಿಲ್ಲಿಸೋಕೆ ಇವನು ಕೈ ಕೊಟ್ಟ." ಅವಳ ಮುಖ ಒಂದು ಗಳಿಗೆ ಬೆಳಗಿತು. "ನನ್ನ ಹೆಸರು ಮರೆತಿದಾನೆ. ಸತ್ತ ಮಗನ್ನ ಮರೆತಿದಾನೆ. ಬಾಗಿಲು ಕಂಡಿದ್ದೇ ಎದ್ದು ಬಂದು ಆ ಕಡೆ ತುದಿ ಹಿಡಿದು, 'ಏಳು, ಎತ್ತು, ನೆರೆ ಬರ್ತಿದೆ' ಅಂದ."

"ಯಾಕೆ ಕದ್ದೆ?"

ಅವಳು ಅವೀಲಿಯನ ಕಡೆ ನೋಡಿದಳು, ನೂರ್-ಕಬ್ತನ ಕಡೆ ನೋಡಿದಳು.

"ಸಂಜೆಯಾದ್ರೆ ಇವನು ಮನೆಗೆ ಹೋಗ್ತೀನಿ ಅಂತ ಹೊರಡ್ತಾನೆ. ಮನೇಲೇ ಇರ್ತಾನೆ, ಮನೆಗೆ ಹೋಗ್ತೀನಿ ಅಂತಾನೆ. ಚಾಪೆ ಎತ್ತಿ ತೋರಿಸಿ, 'ಇದೇ ಮನೆ ಬಾ' ಅಂದ್ರೆ, 'ಇದಕ್ಕೆ ಬಾಗಿಲೆಲ್ಲಿದೆ' ಅಂತಾನೆ. ಹೋದ ತಿಂಗಳು ಬತ್ತಿದ ಹೊಳೆ ದಡದಲ್ಲಿ ಸಿಕ್ಕ. ನಾಲಗೆ ಒಣಗಿ ಬಾಯಲ್ಲಿ ನಿಲ್ತಿರಲಿಲ್ಲ, ಸುತ್ತ ನರಿ ಕೂತಿದ್ವು. ಯಾವ ಹೊಳೆ ಅಂತ ಕೇಳಬೇಡ. ಅಲ್ಲಿ ಹೊಳೆ ಇರಲೇ ಇಲ್ಲ ಅಂತ ಕಾನೂನಿದೆ."

ನೂರ್-ಕಬ್ತ ಕೇಳಲಿಲ್ಲ. ಆ ದಡದಿಂದ ಎಡಕ್ಕೆ ಹತ್ತಿದರೆ ತನ್ನ ತಾಯಿಯ ಅಂಗಳ ಎಂಬುದು ಅವನಿಗೆ ನೆನಪಿತ್ತು. ಆ ಮನೆಯ ಬಾಗಿಲನ್ನು ಇಲ್ಲಿಗೆ ತಂದ ಮೇಲೆ ಸೀಳಿ ನೇಗಿಲು ಮಾಡಿದ್ದರು.

"ನಿನ್ನೆ ರಾತ್ರಿ?" ಎಂದಷ್ಟೇ ಕೇಳಿದ.

"ನಿನ್ನೆ ಎಲ್ಲೂ ಹೋಗಲಿಲ್ಲ. ಬಾಗಿಲು ಹಾಕಿದ ಸದ್ದು ಕೇಳಿ, 'ಬಂದ್ವಲ್ಲ' ಅಂತ ಹೇಳಿ ಮಲಗಿದ."

ಕಾನೂನಿನ ಪ್ರಕಾರ ಲಮಸ್ಸಿಯನ್ನು ದಸ್ತಗಿರಿ ಮಾಡಲಾಯಿತು. ಅವೀಲಿಯ ಮಣಿಕಟ್ಟಿಗೆ ಹಗ್ಗ ಕಟ್ಟಿದ. ಬಿಗಿಯಾಯಿತೇ ಎಂದು ಎರಡು ಸಲ ಕೇಳಿದ. ಬಾಗಿಲನ್ನು ಕೀಳುವಾಗ ಬುಜಾಜು ಎಚ್ಚರಗೊಂಡ. ಯಾರೂ ಕರೆಯದಿದ್ದರೂ ಎದ್ದು ಬಂದು ಒಂದು ತುದಿ ಹಿಡಿದ. ಗೇರಿಯ ನಾಲ್ವರು ಹೊತ್ತು ನಡೆದರು. ಮುದುಕ ಬಾಗಿಲ ಮೇಲೆ ಅಂಗೈ ಇಟ್ಟುಕೊಂಡು, ಎತ್ತಿನ ಬೆನ್ನು ಸವರುವಂತೆ ಸವರುತ್ತ, ಪಕ್ಕದಲ್ಲಿ ಹೆಜ್ಜೆ ಹಾಕಿದ.

ಹೊತ್ತು ಮುಳುಗಲು ಒಂದು ಬೆರಳಿನಷ್ಟು ಬಾಕಿ ಇರುವಾಗ ಗಿಮಿಲನ ಮನೆಗೆ ಬಾಗಿಲು ಕೂತಿತು. ಮಾವ ಕತ್ತೆಯ ಹಗ್ಗ ಬಿಚ್ಚಿ, ಯಾರನ್ನೂ ನೋಡದೆ ಹೊರಟುಹೋದ. ಕುಳಿಯ ಎಣ್ಣೆಯನ್ನು ಮೊದಲೇ ಒರೆಸಿ ತೆಗೆದಿದ್ದ ಜಕೀತಿ ಬಾಗಿಲು ಹಾಕಿ ತೆರೆದು, ಮತ್ತೆ ಹಾಕಿ ತೆರೆದಳು. ಆ ಸದ್ದಿಗೆ ಬುಜಾಜು ನೇರವಾಗಿ ಒಳಗೆ ಹೋಗಿ ಒಳಜಗಲಿಯ ಮೇಲೆ ಕೂತ.

"ಯಾರಯ್ಯಾ ನೀನು? ಏಳು!" ಎಂದ ಗಿಮಿಲ್.

"ಸುಮ್ನಿರಿ," ಎಂದಳು ಜಕೀತಿ. ಕೊಡದಿಂದ ನೀರು ಬಗ್ಗಿಸಿ ಮುದುಕನ ಕೈಗೆ ಕೊಟ್ಟಳು. ಅವನು ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು, "ಈ ಸಲ ನೆರೆ ದೊಡ್ಡದು ತಾಯಿ," ಎಂದ.

ಲಮಸ್ಸಿ ಬೀದಿಯಲ್ಲೇ ನಿಂತು ನೋಡುತ್ತಿದ್ದಳು. "ರಾತ್ರಿಗೆ ಅವನಿಗೆ ಗಂಜಿ ಸಾಕಮ್ಮ. ಬಿಸಿ ಇರಬಾರದು," ಎಂದು ಕೂಗಿ ಹೇಳಿದಳು. ಜಕೀತಿ ತಲೆಯಾಡಿಸಿದಳು. ಗಿಮಿಲ್ ಏನೋ ಹೇಳಲು ಹೋಗಿ, ಹೆಂಡತಿಯ ಮುಖ ನೋಡಿ ಬಿಟ್ಟುಬಿಟ್ಟ.

ಠಾಣೆಯಲ್ಲಿ ದೀಪ ಹಚ್ಚಿ ವರದಿ ಬರೆಯಲು ಕೂತಾಗ ಅವೀಲಿಯನ ಮುಖ ಬಾಡಿತ್ತು. "ಸಾಹೇಬ್ರೆ, ಮನೆಯಿಂದ ಬಾಗಿಲು ಕದ್ದರೆ ಕದ್ದೋರನ್ನ ಜೀವಂತ ಗೋಡೆಯೊಳಗೆ ಇಟ್ಟು ಮುಚ್ಚಬೇಕು ಅಂತ ಕಾನೂನಿದೆ."

"ಮನೆಯಿಂದ ಕದ್ದರೆ." ನೂರ್-ಕಬ್ತ ಬರೆಯುವ ಕಡ್ಡಿಯನ್ನು ಅವನ ಕೈಗೆ ಕೊಟ್ಟ. "ಬಾಗಿಲು ಕೀಲಿನಿಂದ ಎದ್ದ ಗಳಿಗೆಗೇ ಅದು ಬಯಲಾಯ್ತು. ಇವಳು ಬಯಲಿನಿಂದ ಒಂದು ಹಲಗೆ ಒಯ್ದಿದಾಳೆ. ಅದಕ್ಕೆ ಏನಿದೆ ನೋಡು."

ಅವೀಲಿಯ ತುಟಿ ಅಲ್ಲಾಡಿಸುತ್ತ ನೆನಪು ಮಾಡಿಕೊಂಡ. "ಹಲಗೆಯ ಒಡೆಯನ ಮನೆಯಲ್ಲಿ ಮುಂದಿನ ಸುಗ್ಗಿವರೆಗೆ ಕೆಲಸ."

"ಬರಿ."

ಅವೀಲಿಯ ಬರೆದ. ನ್ಯಾಯಾಧೀಶರು ಒಪ್ಪುವರೋ ಇಲ್ಲವೋ ಬೆಳಿಗ್ಗೆ ತಿಳಿಯಬೇಕಿತ್ತು. ವರದಿಯ ಕೊನೆಯಲ್ಲಿ, ಅಪರಾಧಕ್ಕೆ ಕಾರಣ ಎಂಬ ಕಡೆ ಜಾಗ ಖಾಲಿ ಉಳಿದಿತ್ತು. ನೂರ್-ಕಬ್ತ ಕಂಬಿಯ ಬಳಿ ಹೋದ. ಲಮಸ್ಸಿ ಮೊಣಕಾಲು ತಬ್ಬಿ ಕೂತಿದ್ದಳು.

"ಅವ್ವಾ, ಕಾರಣ ಏನಂತ ಬರೀಲಿ?"

ಅವಳು ಮೊಣಕಾಲು ಬಿಟ್ಟು ನೆಟ್ಟಗೆ ಕೂತಳು.

"ಗಂಡ ಮನೆಗೆ ಬರಲಿ ಅಂತ," ಎಂದಳು.

ಅವನು ಹಾಗೆಯೇ ಬರೆದುಕೊಂಡ.