ಮಾತ್ರೆ ನಿಲ್ಲಿಸಿದ ಮನೆ

ಪಕೊಕ್ಕು ಊರಿನ ಹೊಳೆಬದಿಯ ಬೀದಿಯಲ್ಲಿ ಅಂದು ಬೆಳಕು ಹರಿಯುವ ಮೊದಲೇ ಮಾ ನ್ಯೋ ಸ್ನಾನ ಮುಗಿಸಿ, ಬಿಸಿ ಅನ್ನದ ಪಾತ್ರೆ ಹಿಡಿದು ಬರಿಗಾಲಿನಲ್ಲಿ ಬಾಗಿಲ ಮುಂದೆ ನಿಂತಿದ್ದಳು. ಪಕ್ಕದಲ್ಲಿ ಅವಳ ಅತ್ತೆ ಡೋ ಒನ್ ಚೀ. ಮುದುಕಿಯ ಕೈಯ ತಟ್ಟೆಯಲ್ಲಿ ಬಾಳೆಎಲೆಯಲ್ಲಿ ಕಟ್ಟಿ ಬೇಯಿಸಿದ ಅಂಟಕ್ಕಿಯ ಕಡುಬುಗಳಿದ್ದವು. ಭಿಕ್ಷುಗಳ ಸಾಲು ದಿನವೂ ಆ ಬೀದಿಗೆ ಬರುತ್ತದೆ. ಆದರೆ ಆ ದಿನ ಸಾಲಿನ ಕೊನೆಯಲ್ಲಿ, ಹೊಸ ಕಾಷಾಯ ಉಟ್ಟು, ತನಗಿಂತ ದೊಡ್ಡದೆನಿಸುವ ಭಿಕ್ಷಾಪಾತ್ರೆ ಹೊತ್ತು ವುನ್ನ ಬರುವವನಿದ್ದ... ನ್ಯೋಳ ಒಬ್ಬನೇ ಮಗ, ಒಂಬತ್ತು ವರ್ಷದ ವುನ್ನ.

"ಕಣ್ಣೊರೆಸ್ಕೊ ಕಣೆ. ಮಗನೇ ಗಿಗನೇ ಅಂತ ಕರೆದುಬಿಟ್ಟೀಯ! ಈಗ ಅವರು ಕೊಯಿನ್, ಕಾಷಾಯದೋರು. ನಾವೇ ಕೈಮುಗೀಬೇಕು" ಎಂದಳು ಅತ್ತೆ.

"ಗೊತ್ತು ಅತ್ತೆ. ಕಡುಬು ನಾನೇ ಹಾಕ್ಲಾ?"

"ಅಯ್ಯೋ ಹೋಗೆ! ನಿನ್ನ ಕೈಯಿಂದ ಇಷ್ಟು ವರ್ಷ ತಿಂದಾಯ್ತಲ್ಲ. ಇವತ್ತು ಅಜ್ಜಿ ಸರದಿ."

ಸಾಲು ಬಂತು. ಹಿರಿಯ ಭಿಕ್ಷು ಊ ತಿಲೋಕ ಮುಂದೆ, ಉಳಿದವರು ಹಿಂದೆ, ಎಲ್ಲರ ಕಣ್ಣೂ ನೆಲದ ಮೇಲೆ. ನ್ಯೋ ಕತ್ತು ಚಾಚಿ ಕೊನೆಯವನನ್ನು ಹುಡುಕಿದಳು. ಕೊನೆಯಲ್ಲಿದ್ದವನು ಪಕ್ಕದ ಬೀದಿಯ ಬಡಗಿಯ ಮಗ. ಅವನ ಹಿಂದೆ ಯಾರೂ ಇರಲಿಲ್ಲ!

ಊ ತಿಲೋಕರು ಅನ್ನಕ್ಕಾಗಿ ಪಾತ್ರೆಯ ಮುಚ್ಚಳ ತೆಗೆಯಲಿಲ್ಲ. ತಲೆಯೆತ್ತಿ ನೋಡಿದರು.

"ಪಾತ್ರೆ ಕೆಳಗಿಡಮ್ಮ... ಬೇರೆಯವರ ಬಾಯಿಂದ ನಿಮಗೆ ತಿಳೀಬಾರದು ಅಂತ ಮೊದಲು ಇಲ್ಲಿಗೇ ಬಂದೆ. ಪ್ರಾರ್ಥನೆಗೆ ಏಳೋ ಹೊತ್ತಿಗೆ ಹುಡುಗ ಬಿದ್ದ. ಕೈಕಾಲು ಸೆಟೆದುಕೊಂಡ್ವು. ಒಂದು ಸಲ ನಿಂತು ಮತ್ತೆ ಬಂತು, ಮತ್ತೆ ಬಂತು... ನಮ್ಮ ವಿಹಾರದ ಗುರುಗಳು ಸಯಾಡೋ ತಾವೇ ಎತ್ಕೊಂಡು ಕಾರಲ್ಲಿ ಆಸ್ಪತ್ರೆಗೆ ಹೊರಟ್ರು. ದಾರಿಯಲ್ಲೇ..."

ಅವರು ಪಾತ್ರೆಯನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿದರು.

ಅತ್ತೆಯ ಕೈಯ ತಟ್ಟೆ ಓರೆಯಾಗಿ ಕಡುಬುಗಳು ಮಣ್ಣಿಗೆ ಬಿದ್ದವು. "ಮಾತ್ರೆ..." ಎಂದಳು ಅವಳು, ಯಾರಿಗೂ ಅಲ್ಲ ಎಂಬಂತೆ. ನ್ಯೋ ತಿರುಗಿ ಅತ್ತೆಯ ಮುಖ ನೋಡಿದಳು. ಅತ್ತೆ ಸೊಸೆಯ ಮುಖ ನೋಡಿದಳು. ಮರುಗಳಿಗೆ ನ್ಯೋ ಇಟ್ಟ ಚೀತ್ಕಾರಕ್ಕೆ ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು!

ವುನ್ನನಿಗೆ ಮೂರ್ಛೆರೋಗ ಶುರುವಾದದ್ದು ಅವನು ಶಾಲೆಗೆ ಸೇರಿದ ವರ್ಷ. ಮಾಂಡಲೆಯ ವೈದ್ಯರು ದಿನವೂ ತಪ್ಪದೆ ಕೊಡಬೇಕಾದ ಮಾತ್ರೆ ಬರೆದುಕೊಟ್ಟರು. ಅಂದಿನಿಂದ ಒಂದು ಸಲವೂ ಫಿಟ್ಸ್ ಬರಲಿಲ್ಲ. ಮನೆಯವರೆಲ್ಲ ಪಗೋಡಕ್ಕೆ ಹೂವು ಕೊಟ್ಟು ಬಂದರು. ಆದರೆ ರೋಗ ಹೋದ ದಾರಿಯಲ್ಲೇ ಮಗುವೂ ಸ್ವಲ್ಪ ಸ್ವಲ್ಪವಾಗಿ ಹೋಗತೊಡಗಿದ್ದನ್ನು ಮೊದಲು ಕಂಡವಳು ತಾಯಿ. ಹೊಳೆಯಲ್ಲಿ ಹೋಗುವ ದೋಣಿಯ ಯಂತ್ರದ ಸದ್ದು ಕೇಳಿಯೇ ಅದು ಯಾರ ದೋಣಿ ಎಂದು ಹೇಳುತ್ತಿದ್ದ ಹುಡುಗ, ಈಗ ಅಪ್ಪನ ದೋಣಿ ಕಣ್ಣೆದುರು ಬಂದು ನಿಂತರೂ ಸುಮ್ಮನೆ ನೋಡುತ್ತಿದ್ದ. ನಾಲಗೆ ಭಾರವಾಯಿತು. ಮಧ್ಯಾಹ್ನವೆಲ್ಲ ನಿದ್ದೆ. ಎದ್ದರೆ ಕಾರಣವಿಲ್ಲದ ಸಿಟ್ಟು. ಒಮ್ಮೆ ಊಟದ ತಟ್ಟೆಯನ್ನು ಅಜ್ಜಿಯ ಮೇಲೆ ಎಸೆದು, ಆಮೇಲೆ ತಾನು ಮಾಡಿದ್ದೇನೆಂದು ತಿಳಿಯದೆ ತಾನೇ ಅತ್ತ. ಮೇಷ್ಟ್ರು ಅವನನ್ನು ಹಿಂದಿನ ಬೆಂಚಿಗೆ ಹಾಕಿದರು.

ವೈದ್ಯರು ಮೊದಲ ದಿನವೇ ಹೇಳಿದ್ದರು: "ಈ ಮಾತ್ರೆ ಫಿಟ್ಸ್ ತಡೆಯುತ್ತೆ. ಆದ್ರೆ ಕೆಲವು ಮಕ್ಕಳ ಬುದ್ಧಿ ಮಂಕಾಗುತ್ತೆ, ಸ್ವಭಾವ ಕೆಡುತ್ತೆ. ಹಾಗೇನಾದ್ರೂ ಕಂಡ್ರೆ ಕರ್ಕೊಂಡು ಬನ್ನಿ, ನಿಧಾನವಾಗಿ ಬೇರೆ ಔಷಧಕ್ಕೆ ಬದಲಾಯಿಸೋಣ. ನೀವಾಗೇ ಮಾತ್ರೆ ನಿಲ್ಲಿಸಬೇಡಿ. ಜೀವಕ್ಕೇ ಅಪಾಯ."

ನ್ಯೋ ಮಾಂಡಲೆಗೆ ಹೊರಡಲು ಗಂಟು ಕಟ್ಟಿದ್ದಳು. ಅಷ್ಟರಲ್ಲಿ ಅತ್ತೆ ಶಿನ್‌ಪ್ಯೂ ದಿನ ಗೊತ್ತುಮಾಡಿ ಬಂದಳು. ಗಂಡುಮಗುವಿಗೆ ರಾಜಕುಮಾರನ ಉಡುಗೆ ತೊಡಿಸಿ, ಕುದುರೆಯ ಮೇಲೆ ಮೆರೆಸಿ, ತಲೆ ಬೋಳಿಸಿ ಕಾಷಾಯ ಕೊಡಿಸುವುದಕ್ಕಿಂತ ದೊಡ್ಡ ಪುಣ್ಯ ಆ ನಾಡಿನ ತಾಯಂದಿರಿಗೆ, ಅಜ್ಜಿಯರಿಗೆ ಬೇರೊಂದಿಲ್ಲ. ಎದೆನೋವಿನ ಮುದುಕಿಗೆ ಇದ್ದದ್ದೂ ಒಬ್ಬನೇ ಮೊಮ್ಮಗ.

"ಡಾಕ್ಟ್ರು ಎಲ್ಲಿಗೆ ಓಡಿಹೋಗ್ತಾರೆ? ಶಿನ್‌ಪ್ಯೂ ಆದ್ಮೇಲೆ ಹೋಗು" ಎಂದಳು.

ಅಂದೇ ಪಾಠ ಶುರುವಾಯಿತು. ಕಾಷಾಯ ಬೇಡುವಾಗ ಹೇಳಬೇಕಾದ ಪಾಳಿ ಮಾತುಗಳನ್ನು ಅಜ್ಜಿ ಒಂದೊಂದಾಗಿ ಹೇಳಿಕೊಡುವಳು. ವುನ್ನ ಮೊದಲ ಮಾತು ಹೇಳಿ ಎರಡನೆಯದಕ್ಕೆ ತಡವರಿಸುವನು. ಎರಡನೆಯದು ಬರುವ ಹೊತ್ತಿಗೆ ಮೊದಲನೆಯದು ಮರೆತಿರುವುದು.

"ಗಿಣಿಯಾದ್ರೂ ಕಲೀತಿತ್ತು!" ಎಂದು ಅಜ್ಜಿ ಹಣೆ ಚಚ್ಚಿಕೊಂಡಳು. "ಚಿನ್ನದಂಥ ಕೂಸು ಕೊಟ್ಟಿದ್ದೆ ನಿನ್ನ ಕೈಗೆ. ಆ ಬಿಳೀ ಗುಳಿಗೆ ನುಂಗಿಸಿ ನುಂಗಿಸಿ ಕುಂಬಳಕಾಯಿ ಮಾಡಿದ್ಯಲ್ಲೇ, ಪಾಪಿ!"

"ನಾನೇನು ಸಂತೋಷಕ್ಕೆ ಕೊಡ್ತಿದೀನಾ ಅತ್ತೆ?"

"ನಿಲ್ಸು. ಇನ್ನೊಂದು ಮಾತು ಕೇಳು. ಕಾಷಾಯ ಕೊಡೋ ಮುಂಚೆ ಸಯಾಡೋ ಕೇಳ್ತಾರೆ, ನಿಂಗೆ ಅಪಸ್ಮಾರ ಉಂಟಾ ಅಂತ. ಉಂಟು ಅಂದ್ರೆ ಕಾಷಾಯ ಇಲ್ಲ. ಮಾತ್ರೆ ನುಂಗ್ತಾನೇ 'ಉಂಟಿಲ್ಲ' ಅಂದ್ರೆ ಅದು ಸುಳ್ಳು. ಬುದ್ಧನ ಮುಂದೆ ಸುಳ್ಳು! ಮಾತ್ರೆ ಬಿಟ್ಟು ಇಲ್ಲ ಅಂದ್ರೆ ಅದು ನಿಜಾನೇ ತಾನೆ? ಮಾತ್ರೆ ತಗೊಳ್ಳೋನು ರೋಗಿ. ತಗೊಳ್ಳದೋನಿಗೆ ಎಲ್ಲೀ ರೋಗ?"

ಇದು ಕ್ರೂರಿಯ ಮಾತಾಗಿರಲಿಲ್ಲ. ದೇವರಿಗೆ ಹೆದರುವವಳ ಮಾತಾಗಿತ್ತು. ಅದಕ್ಕೇ ಅದನ್ನು ಎದುರಿಸುವುದು ಕಷ್ಟವಾಯಿತು. ನ್ಯೋ ಗಂಡನ ಕಡೆ ನೋಡಿದಳು. ಮರಳು ಸಾಗಿಸುವ ದೋಣಿಯ ದುಡಿಮೆಯ ಕೋ ತಿನ್ ಪೆ ಹೊಳೆಯ ಸುಳಿಗೆ ಹೆದರದವನು, ತಾಯಿಯ ಕಣ್ಣೀರಿಗೆ ಹೆದರುತ್ತಿದ್ದ.

"ಅಮ್ಮ ಹೇಳೋದ್ರಲ್ಲೂ ಒಂದು ಮಾತಿದೆ ನ್ಯೋ. ಮುಗಿದ ಮೇಲೆ ಮತ್ತೆ ಕೊಟ್ರಾಯ್ತು."

"ಡಾಕ್ಟ್ರು ಬೇಡ ಅಂದಿದಾರೆ, ಕೇಳಿಸ್ಕೊಂಡಿದೀರಿ ನೀವೂ!"

"ಬುದ್ಧ ಕಾಯೋದಿಲ್ವೇನೆ?" ಎಂದಳು ಅತ್ತೆ.

ನ್ಯೋ ಮಾಂಡಲೆಗೆ ಕಟ್ಟಿದ್ದ ಗಂಟನ್ನು ಬಿಚ್ಚಿದಳು. ಮಾತ್ರೆ ನಿಂತಿತು.

ಆಮೇಲೆ ಆ ಮನೆಗೆ ಬಂದ ಬೆಳಕನ್ನು ಏನೆಂದು ಹೇಳುವುದು! ಕೆಲವು ದಿನಗಳಲ್ಲೇ ವುನ್ನನ ಕಣ್ಣು ತೆರೆಯಿತು. ಮಧ್ಯಾಹ್ನದ ನಿದ್ದೆ ಹೋಯಿತು. ಪಾಳಿ ಮಾತುಗಳು ಒಂದರ ಹಿಂದೊಂದು ಸೇರಿಕೊಂಡವು. ಒಂದು ಸಂಜೆ ಅವನು ಅಡುಗೆಮನೆಗೆ ಓಡಿಬಂದು, "ಅಮ್ಮಾ, ಅಪ್ಪನ ದೋಣಿ ಬಂತು! ಇಂಜಿನ್ನು ಕೆಮ್ತಾ ಇದೆ, ಅಪ್ಪ ಎಣ್ಣೆ ಹಾಕೋದು ಮರೆತಿದಾರೆ!" ಎಂದ. ನ್ಯೋ ಒಲೆಯ ಮುಂದೆ ಕುಳಿತಲ್ಲೇ ಮಗನನ್ನು ಅಪ್ಪಿಕೊಂಡು ಅತ್ತಳು.

"ಯಾಕಮ್ಮಾ ಅಳ್ತೀಯ? ತಲೆಯೊಳಗೆ ಹತ್ತಿ ತುಂಬಿದ ಹಾಗಿತ್ತು. ಈಗ ಯಾರೋ ತೆಗೆದುಬಿಟ್ಟಿದಾರೆ."

ಹಾಗಿರುವಾಗ ಒಮ್ಮೆ ಊಟಕ್ಕೆ ಕುಳಿತಿದ್ದವನ ಕೈ ಛಕ್ಕನೆ ಅದುರಿ ಚಮಚ ಬಿತ್ತು. ಒಂದು ಗಳಿಗೆ ನೋಟ ಎಲ್ಲೋ ನಿಂತುಹೋಯಿತು. "ನಿದ್ದೆಗಣ್ಣು" ಎಂದಳು ಅಜ್ಜಿ. ನ್ಯೋ ಎದ್ದು ಹೋಗಿ ಮಾತ್ರೆಯ ಶೀಶೆ ತಂದಳು. ವುನ್ನ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ.

"ಬೇಡಮ್ಮಾ... ಮತ್ತೆ ಹತ್ತಿ ತುಂಬಬೇಡ. ನಾನು ಎಲ್ಲಾ ಮರೆತುಹೋಗ್ತೀನಿ. ನಿನ್ನೂ ಮರೆತುಹೋಗ್ತೀನಿ."

ಶೀಶೆಯನ್ನು ಪೆಟ್ಟಿಗೆಯ ಹಿಂದೆ ಸರಿಸಿಟ್ಟದ್ದು ಅತ್ತೆಯಲ್ಲ. ನ್ಯೋ.

ಶಿನ್‌ಪ್ಯೂ ದಿನ ವುನ್ನ ರೇಷ್ಮೆ ಉಟ್ಟು, ತುಟಿಗೆ ಬಣ್ಣ ಹಚ್ಚಿಸಿಕೊಂಡು, ಬಂಗಾರ ಬಣ್ಣದ ಛತ್ರಿಯ ಕೆಳಗೆ ಕುದುರೆ ಏರಿದ. ತಲೆ ಬೋಳಿಸುವಾಗ ಬೀಳುವ ಕೂದಲು ನೆಲಕ್ಕೆ ತಾಗದಂತೆ ಬಿಳಿಯ ಬಟ್ಟೆಯ ಒಂದು ತುದಿಯನ್ನು ಅಜ್ಜಿ, ಇನ್ನೊಂದನ್ನು ತಾಯಿ ಹಿಡಿದಿದ್ದರು. "ಅಜ್ಜೀ, ನನ್ನ ತಲೆ ಈಗ ನಿನ್ನ ಅನ್ನದ ಮಡಕೆ ಥರ ಇದೆಯಾ?" ಎಂದು ಅವನು ಕೇಳಿದಾಗ ಕ್ಷೌರ ಮಾಡುತ್ತಿದ್ದ ಭಿಕ್ಷುವೂ ನಕ್ಕರು. ವಿಹಾರದ ಗುರುಗಳಾದ ಸಯಾಡೋ ಕೇಳಿದರು, ಅಪಸ್ಮಾರ ಉಂಟೇ ಎಂದು. "ಇಲ್ಲ ಭಂತೇ" ಎಂದ ವುನ್ನ, ಸ್ಪಷ್ಟವಾಗಿ. ಬೇಡಿಕೆಯ ಮಾತು, ಮೂರು ಶರಣು, ಹತ್ತು ಶೀಲ, ಒಂದೂ ತಪ್ಪಲಿಲ್ಲ. ಅಜ್ಜಿ, ತಾಯಿ, ತಂದೆ ಮೂವರೂ ಆ ಪುಟ್ಟ ಕೊಯಿನ್‌ಗೆ ಅಡ್ಡಬಿದ್ದರು. ಆಗ ನ್ಯೋಗೆ ಒಂದೇ ಒಂದು ನೋವು: ಇನ್ನು ಕಾಷಾಯ ಬಿಡುವವರೆಗೆ ಮಗನನ್ನು ಮುಟ್ಟುವಂತಿಲ್ಲ.

ವಿಹಾರದಲ್ಲಿ ಅವನಿಗೆ ಮಾತ್ರೆಯ ಅಗತ್ಯವಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ...

ಸುದ್ದಿ ಬಂದ ಆ ದಿನ ಹೊತ್ತೇರಿದ ಮೇಲೆ ಶವವನ್ನು ವಿಹಾರದ ಮಂಟಪಕ್ಕೆ ತಂದರು. ಕಾಷಾಯದಲ್ಲೇ ಮಲಗಿಸಿದ್ದರು. ನ್ಯೋ ಓಡಿಬಂದವಳು ಎರಡು ಮಾರು ದೂರದಲ್ಲಿ ತಡೆದು ನಿಂತಳು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಮುಟ್ಟಬಹುದಾ ಭಂತೇ? ನಾನು ಹೆಂಗಸು... ಅವರು ಕೊಯಿನ್..."

ವೃದ್ಧ ಸಯಾಡೋರ ಕಣ್ಣಿನಲ್ಲಿ ನೀರು ತುಂಬಿತ್ತು. "ಮುಟ್ಟಮ್ಮ. ನಿಯಮ ಎಲ್ಲಾ ಬದುಕಿರೋರಿಗೆ. ಈಗ ಅವನು ನಿನ್ನ ಮಗ."

ನ್ಯೋ ಮಗನ ಬೋಳುತಲೆಯನ್ನು ಎದೆಗೊತ್ತಿಕೊಂಡಳು. ಡೋ ಒನ್ ಚೀ ಕಂಬಕ್ಕೆ ತಲೆ ಚಚ್ಚಿಕೊಳ್ಳುತ್ತ ಎಲ್ಲವನ್ನೂ ಹೇಳಿಬಿಟ್ಟಳು. "ಫಿಟ್ಸ್ ಇತ್ತು ಭಂತೇ! ಮಾತ್ರೆ ಬಿಡಿಸಿದೋಳು ನಾನು! ಹೇಳಿದ್ರೆ ನೀವು ಕಾಷಾಯ ಕೊಡ್ತಿರ್ಲಿಲ್ವಲ್ಲ..."

"ಕೊಡ್ತಿರಲಿಲ್ಲ" ಎಂದರು ಸಯಾಡೋ. "ಕಾಷಾಯದ ಬದಲು ಬಿಳಿ ಬಟ್ಟೆ ಉಡಿಸಿ ಪಕ್ಕದಲ್ಲಿ ಕೂರಿಸ್ಕೊಳ್ತಿದ್ದೆ. ಒಂದು ಮಾತು ಕಲಿಯೋಕೆ ಒಂದು ವರ್ಷ ಆದ್ರೂ ಕಲಿಸ್ತಿದ್ದೆ. ಹೊತ್ತುಹೊತ್ತಿಗೆ ಮಾತ್ರೆ ನಾನೇ ಕೊಡ್ತಿದ್ದೆ. ಬಿಳಿ ಬಟ್ಟೆಯ ಮಗುವಿನ ಪುಣ್ಯ ಕಮ್ಮಿ ಅಂತ ನಿನಗೆ ಯಾರಮ್ಮ ಹೇಳಿದ್ದು?"

ಮುದುಕಿ ನೆಲಕ್ಕೆ ಕುಸಿದಳು. ಅಂದಿನಿಂದ ಅವಳು ಅನ್ನ ಮುಟ್ಟಲಿಲ್ಲ. ನೀರೂ ಬೇಡವೆಂದಳು. ಬೀದಿಯ ಹೆಂಗಸರು ಬಂದು, "ಮೊಮ್ಮಗನ್ನ ನುಂಗಿದೋಳು" ಎಂದು ಅವಳ ಕಿವಿಗೆ ಬೀಳುವಂತೆಯೇ ಆಡಿಕೊಂಡರು. ನ್ಯೋ ಆ ಮಾತನ್ನು ಕೇಳಿಯೂ ಸುಮ್ಮನಿದ್ದಳು. ಸುಮ್ಮನಿರುವುದು ಎಷ್ಟು ಸುಲಭವಾಗಿತ್ತು! ಎಲ್ಲ ಅತ್ತೆಯ ಮೇಲೆ ಬಿದ್ದಿತ್ತು. ಮೂರನೆಯ ದಿನ ಅದೇ ಮಾತು ಮತ್ತೆ ಬಂದಾಗ ಅವಳು ಗಂಜಿಯ ಬಟ್ಟಲು ಹಿಡಿದು ಎಲ್ಲರ ಮುಂದೆಯೇ ಅತ್ತೆಯ ಚಾಪೆಯ ಬಳಿ ಕುಳಿತಳು.

"ಬಾಯಿ ತೆಗೀರಿ ಅತ್ತೆ."

"ನನ್ನ ಸಾಯೋಕ್ ಬಿಡೇ... ನನ್ನ ಕೈಯಾರೆ..."

"ನಿಮ್ಮ ಕೈ ಒಂದೇ ಅಲ್ಲ. ಡಾಕ್ಟ್ರ ಮಾತು ನಂಗೆ ಗೊತ್ತಿತ್ತು. ಅವನ ಕೈ ಅದುರಿದ್ದೂ ನೋಡಿದ್ದೆ. ಆದ್ರೂ ಶೀಶೆ ಸರಿಸಿಟ್ಟೋಳು ನಾನು. ಅವನು ನಗ್ತಾ ಇದ್ದ ಅತ್ತೆ... ಆ ನಗು ನಂಗೆ ಬೇಕಿತ್ತು. ನೀವು ಒಬ್ಬರೇ ಸತ್ತು ತಪ್ಪಿಸ್ಕೊಂಡ್ರೆ ನಾನು ಇದನ್ನ ಯಾರ ಜೊತೆ ಹೊರಲಿ?"

ಹೆಂಗಸರು ಒಬ್ಬೊಬ್ಬರಾಗಿ ಎದ್ದುಹೋದರು. ಮುದುಕಿ ಬಾಯಿ ತೆರೆದಳು. ಗಂಜಿಯ ಜೊತೆ ಇಬ್ಬರ ಕಣ್ಣೀರೂ ಬಟ್ಟಲಿಗೆ ಬಿತ್ತು.

ಏಳನೆಯ ದಿನ ಸತ್ತವರ ಜೀವ ಮನೆಯಿಂದ ಹೊರಡುವ ದಿನ. ಭಿಕ್ಷುಗಳು ಊಟ ಮುಗಿಸಿ ಸೂತ್ರ ಪಠಿಸಿದರು. ತಿನ್ ಪೆ ತಲೆತಗ್ಗಿಸಿ ಒಂದು ಮೂಲೆಯಲ್ಲಿ ಕುಳಿತಿದ್ದ. ನ್ಯೋ ಬಂದು ಅವನ ತೋಳು ಹಿಡಿದು ಕರೆತಂದಳು. ಮೂವರೂ ಒಂದೇ ಹೂಜಿಯನ್ನು ಹಿಡಿದು ತಟ್ಟೆಗೆ ಹನಿಹನಿಯಾಗಿ ನೀರು ಬಿಟ್ಟರು. ಸಯಾಡೋ ಮೆಲುದನಿಯಲ್ಲಿ ಹೇಳಿಸಿದರು. ಮೂವರೂ ಒಟ್ಟಿಗೆ ಹೇಳಿದರು:

"ನಾವು ಮಾಡಿದ ಪುಣ್ಯ ಇದ್ದರೆ ಅದೆಲ್ಲ ನಿನಗೆ ಸೇರಲಿ, ಮಗುವೇ. ನಾವು ಮಾಡಿದ ತಪ್ಪು ನಮ್ಮ ಹತ್ತಿರವೇ ಉಳಿಯಲಿ. ಈ ಮನೆಯ ಮೇಲೆ ನಿನಗೆ ಮೋಹ ಬೇಡ, ಮುನಿಸು ಬೇಡ. ನೀನು ಎಲ್ಲಿ ಹುಟ್ಟಿದರೂ ನೋವಿಲ್ಲದ ಮೈ ಸಿಗಲಿ, ತಿಳಿಯಾದ ಬುದ್ಧಿ ಸಿಗಲಿ. ಶಾಂತಿಯಿಂದ ಹೋಗು, ಕಂದಾ... ಶಾಂತಿಯಿಂದ ಇರು. ಸಾಧು, ಸಾಧು, ಸಾಧು."