ನಡೆದಾಡುವ ಧೂಳು

"ಲೇ, ಹುಳ ಎಲ್ಲೇ?" ಲಿಖಿತಾ ಪ್ಲಾಸ್ಟಿಕ್ ಡಬ್ಬಿಗೆ ಮೂಗು ಒತ್ತಿ ಕೇಳಿದಳು.

ರಾಜಶ್ರೀ ಡಬ್ಬಿಯನ್ನು ತನ್ನತ್ತ ಎಳೆದುಕೊಂಡಳು. ಕೊಪ್ಪಳದಿಂದ ಬಂದ ಈ ಹೊಸ ಹುಡುಗಿ ಐದನೇ ಕ್ಲಾಸಿನ ಮುಂದೆ ಬಿಟ್ಟ ಬುರುಡೆ ಸಣ್ಣದೇ? "ಸೋಮವಾರ ಏಳು ಚಿಟ್ಟೆಹುಳ ತರ್ತೀನಿ. ಕ್ಲಾಸ್‌ನ್ಯಾಗೇ ಚಿಟ್ಟೆ ಆಗ್ತಾವ. ಒಂದೊಂದೂ ಫ್ಯಾನಿನಷ್ಟು!" ಆ ಸುದ್ದಿ ಬಿಟಿಎಂ ದಾಟಿ, ಬಿಳೇಕಹಳ್ಳಿ ದಾಟಿ, ಹುಳಿಮಾವು ಕೆರೆಯ ಕಪ್ಪೆಗಳ ಕಿವಿಗೂ ಬಿದ್ದಿತ್ತು.

ನಾಳೆಯೇ ಸೋಮವಾರ.

ಡಬ್ಬಿಯಲ್ಲಿದ್ದದ್ದು ಮನೆ ಓನರ್ ಮಂಗಮ್ಮಜ್ಜಿಯ ನಿಂಬೆಗಿಡದ ಎಲೆಗಳು. ಅವುಗಳ ಮೇಲೆ ಏಳು ಚಿಟ್ಟೆಮೊಟ್ಟೆ. ಹಳದಿ ಮುತ್ತಿನಂತಿದ್ದವು, ಆಮೇಲೆ ಕಪ್ಪಾದವು. ಈಗ ಸುತ್ತಲೂ ಬರೀ ಧೂಳು.

ಆ ಧೂಳು ನಡೆದಾಡುತ್ತಿತ್ತು!

"ಅಯ್ಯೋ! ಇರುವಿ ಬಂದು ಮೊಟ್ಟಿ ತಿಂದಾವ!" ರಾಜಶ್ರೀ ಕೂಗಿದ ಕೂಗಿಗೆ ತಾರಸಿಯ ಪಾರಿವಾಳಗಳೆಲ್ಲ ಜಯನಗರಕ್ಕೆ ಮನೆ ಬದಲಾಯಿಸಿದವು.

ಬಟ್ಟೆ ಒಣಹಾಕುತ್ತಿದ್ದ ಮಂಗಮ್ಮಜ್ಜಿ ಓಡಿಬಂದರು. ಈ ಬೀದಿಯೆಲ್ಲ ಹೊಲವಾಗಿದ್ದಾಗ ಇಲ್ಲಿ ಸೊಪ್ಪು ಬೆಳೆದವರು ಅವರು. ಕ್ಯಾಲೆಂಡರ್ ಓದುವ ಭೂತಗನ್ನಡಿ ತಂದು ಇಣುಕಿದರು.

"ಇರುವೆ ಅಲ್ಲ ಕಣೇ, ಕಣಜ! ರೆಕ್ಕೆ ನೋಡು."

"ಮುಚ್ಚಳ ಹಾಕಿದ್ನಲ್ರೀ ಅಜ್ಜಿ, ಎಲ್ಲಿಂದ ಬಂತು?"

"ಮೊಟ್ಟೆಯಿಂದಾನೇ! ಇದರಮ್ಮ ಚಿಟ್ಟೆ ಮೊಟ್ಟೆ ಒಳಗೆ ತನ್ನ ಮೊಟ್ಟೆ ಇಟ್ಟು ಹೋಗಿತ್ತು. ಮರಿ ಒಳಗೇ ತಿಂದು, ಒಳಗೇ ಬೆಳೀತು. ನಮ್ಮಣ್ಣನ ಟೊಮ್ಯಾಟೊ ತೋಟಕ್ಕೆ ಇಂಥ ಕಣಜ ಇರೋ ಮೊಟ್ಟೆಗಳನ್ನ ಕಾರ್ಡಿಗೆ ಅಂಟಿಸಿ ಕೊಡ್ತಾರೆ. ಕಾಯಿ ಕೊರೆಯೋ ಹುಳ ಹುಟ್ಟೋದ್ರೊಳಗೇ ಮುಗಿಸಿಬಿಡ್ತವೆ."

"ನಾಳೆ ಎಲ್ರೂ ಸಖತ್ತಾಗಿ ನಗ್ತಾರೆ," ಎಂದಳು ಲಿಖಿತಾ. "ಫ್ಯಾನ್ ಎಲ್ಲಿ ಅಂತ."

ರಾಜಶ್ರೀಗೆ ಅದು ಕೇಳಿಸಲೇ ಇಲ್ಲ. ಅವಳು ಭೂತಗನ್ನಡಿಯೊಳಗೆ ಇಳಿದುಹೋಗಿದ್ದಳು. ಮೊಟ್ಟೆಯ ತೂತಿನ ಅಂಚಿನಲ್ಲಿ ಕೆಂಪು ಕಣ್ಣಿನ ಕಣಜವೊಂದು ನಿಂತು ರೆಕ್ಕೆ ಒರೆಸಿಕೊಳ್ಳುತ್ತಿತ್ತು. ಅದೇ ತೂತಿನಿಂದ ಇನ್ನೊಂದು ಬಂತು. ಮತ್ತೊಂದು! ಸಿಲ್ಕ್ ಬೋರ್ಡಿನ ಟ್ರಾಫಿಕ್ಕೆಲ್ಲ ಆ ಕ್ಷಣ ಹಾರ್ನ್ ನಿಲ್ಲಿಸಿತು ಎಂದರೆ ನೀವು ನಂಬಲೇಬೇಕು.

ಸೋಮವಾರ ಇಂದ್ರಾಣಿ ಮಿಸ್ ಕತೆಯೆಲ್ಲ ಕೇಳಿದರು. "ಎಷ್ಟು ದೊಡ್ಡದಿತ್ತು ಆ ಕಣಜ?"

ಕ್ಲಾಸು ನಗಲು ಬಾಯಿ ತೆರೆದು ಕಾಯಿತು.

ರಾಜಶ್ರೀ ಬೋರ್ಡಿನ ಮೇಲೆ ಒಂದು ಚುಕ್ಕಿ ಇಟ್ಟಳು. ನೋಡಿದಳು. ಬೆರಳಿನಿಂದ ಅದರ ಅಂಚು ಒರೆಸಿದಳು. ಮತ್ತೆ ನೋಡಿದಳು. ತಲೆಯಾಡಿಸಿ, ಪೂರ್ತಿ ಅಳಿಸಿದಳು.

"ಮಿಸ್, ಚಾಕ್‌ಪೀಸ್ ಭಾಳ ದಪ್ಪ ಐತ್ರೀ. ಚೂಪಾದ ಪೆನ್ಸಿಲ್ ಬೇಕು."

ಯಾರೂ ನಗಲಿಲ್ಲ. ನಲವತ್ತೆರಡು ಶಾರ್ಪನರ್‌ಗಳು ಒಟ್ಟಿಗೇ ಕರಕರ ತಿರುಗತೊಡಗಿದವು.