ಷಡ್ಡಕನ ಕಿವಿ

ಮಂಗಳವಾರ ಬೆಳಿಗ್ಗೆ 10.40ಕ್ಕೆ ಸರ್ಕಾರಿ ಆಸ್ಪತ್ರೆಯ ದಾಖಲೆ ಗುಮಾಸ್ತ ಠಾಣೆಯ ಮೆಟ್ಟಿಲು ಹತ್ತಿದ. ಅವನ ಹಿಂದೆಯೇ ತಗಡಿನ ಕಾರ್ಖಾನೆಯ ಕೆಲಸಗಾರನೊಬ್ಬ ಬಂದ. ಯಾರು ಮಾತಾಡಿದರೂ ಅವರ ತುಟಿಯನ್ನೇ ನೋಡುತ್ತಿದ್ದ. ದೂರು ಚಿಕ್ಕದು. ಅಂಗವಿಕಲರ ಪಿಂಚಣಿಗೆ ಆ ಕೆಲಸಗಾರ ಹಾಕಿದ್ದ ಅರ್ಜಿಯ ಫೈಲು, ಒಳಗಿದ್ದ ಶ್ರವಣ ಪರೀಕ್ಷೆಯ ಮೂರು ಗ್ರಾಫುಗಳ ಸಮೇತ, ಆಸ್ಪತ್ರೆಯ ಕಪಾಟಿನಿಂದ ಕಾಣೆಯಾಗಿತ್ತು.

ಇನ್ಸ್‌ಪೆಕ್ಟರ್ ಆಗ ಪತ್ರಿಕೆ ಓದುತ್ತಿದ್ದಳು. ಓದುತ್ತಿದ್ದಳು ಅನ್ನುವುದಕ್ಕಿಂತ ಒಂದೇ ಫೋಟೊವನ್ನು ಕಾಲು ಗಂಟೆಯಿಂದ ನೋಡುತ್ತಿದ್ದಳು. ಅವಳ ಜೊತೆಯಲ್ಲೇ ತರಬೇತಿ ಮುಗಿಸಿದ ಗೆಳತಿಗೆ ಬಡ್ತಿ ಸಿಕ್ಕಿತ್ತು. ಕೈಯಲ್ಲಿ ಹೂಗುಚ್ಛ, ಮುಖದ ತುಂಬ ಹಲ್ಲು. ಇನ್ಸ್‌ಪೆಕ್ಟರಿಗೆ ಹೊಟ್ಟೆ ಉರಿಯುತ್ತಿತ್ತು, ಅದನ್ನು ತನಗೆ ತಾನೇ ಒಪ್ಪಿಕೊಂಡೂ ಇದ್ದಳು. ಪತ್ರಿಕೆ ಮಡಚಿಟ್ಟು ದೂರು ಕೇಳಿಸಿಕೊಂಡಳು.

ಇನ್ನೊಂದು ಸಲ ಪರೀಕ್ಷೆ ಮಾಡಿಸಿದರೆ ಆಯಿತಲ್ಲ ಎಂದು ದಫೇದಾರ ಕೇಳಿದ. ಅದು ಅಷ್ಟು ಸುಲಭವಲ್ಲವಂತೆ. ಬೇರೆ ಬೇರೆ ದಿನ ಮೂರು ಸಲ ಪರೀಕ್ಷೆ ಆಗಬೇಕು, ಮೂರೂ ಒಂದಕ್ಕೊಂದು ತಾಳೆಯಾಗಬೇಕು, ಕಿವಿಯ ನಷ್ಟ ನೂರಕ್ಕೆ ನಲವತ್ತು ಮುಟ್ಟಬೇಕು. ಇವನದು ನಲವತ್ತಮೂರು. ಶುಕ್ರವಾರ ಹನ್ನೊಂದಕ್ಕೆ ವೈದ್ಯಕೀಯ ಮಂಡಳಿ ಸೇರುತ್ತದೆ. ಅಸಲು ಕಾಗದ ಮುಂದಿಲ್ಲದಿದ್ದರೆ ಅರ್ಜಿ ವಜಾ, ಮತ್ತೆ ಮೊದಲಿನಿಂದ ಶುರುಮಾಡಲು ಕಮ್ಮಿಯೆಂದರೂ ಒಂದು ವರ್ಷ. ಕಿವಿ ಕೇಳದವರು ಯಂತ್ರದ ಹತ್ತಿರ ಬೇಡವೆಂದು ಕಾರ್ಖಾನೆಯವರು ಅವನನ್ನು ಆಗಲೇ ಮನೆಗೆ ಕಳಿಸಿದ್ದರು. 11.15ಕ್ಕೆ ಕಳ್ಳತನದ ಎಫ್ಐಆರ್ ದಾಖಲಾಯಿತು.

12.05ಕ್ಕೆ ಆಸ್ಪತ್ರೆಯಲ್ಲಿ ಸ್ಥಳ ಪಂಚನಾಮೆ. ಕಪಾಟಿನ ಬೀಗ ಒಡೆದಿರಲಿಲ್ಲ. ಒಳಗೆ ಫೈಲುಗಳು ಸಂಖ್ಯೆಯ ಪ್ರಕಾರ ನಿಂತಿದ್ದವು. 212 ಇತ್ತು, 214 ಇತ್ತು, ನಡುವೆ ಎರಡು ಬೆರಳಷ್ಟು ಜಾಗ ಖಾಲಿ.

"212 ಯಾರದು?" ಇನ್ಸ್‌ಪೆಕ್ಟರ್ ಕೇಳಿದಳು.

"ತಿರಸ್ಕಾರ ಆದದ್ದು ಮೇಡಂ. ನಿನ್ನೆ ಅವರೇ ಬಂದು ನಕಲು ತಗೊಂಡು ಹೋದ್ರು," ಎಂದ ಗುಮಾಸ್ತ.

"ನಕಲು ತೆಗೆಸೋಕೆ ಎಲ್ಲಿಗೆ ಹೋದ್ರಿ?"

"ಕೆಳಗಿನ ಮಹಡಿಗೆ."

"ಆಗ ಕಪಾಟು?"

ಕಪಾಟು ತೆರೆದೇ ಇತ್ತು. ಇದನ್ನು ದೂರಿನಲ್ಲಿ ಬರೆಯಲು ಗುಮಾಸ್ತನಿಗೆ ಕೈ ಬಂದಿರಲಿಲ್ಲ.

ಬಾಗಿಲ ಬಳಿಯ ಜವಾನ ಇನ್ನೊಂದು ಮಾತು ಸೇರಿಸಿದ. ನಕಲು ತೆಗೆದುಕೊಂಡವನು ಹೊರಡುವಾಗ, ರಿಜಿಸ್ಟರಿಗೆ ಸಹಿ ಹಾಕೆಂದು ಇವನು ಹಿಂದಿನಿಂದ ಮೂರು ಸಲ ಕೂಗಿದ್ದ. ಆಸಾಮಿ ತಿರುಗಿ ಕೂಡ ನೋಡಲಿಲ್ಲ, ಅಷ್ಟು ಸೊಕ್ಕು. ಕದ್ದವನು ನಿಲ್ಲುತ್ತಾನೆಯೇ ಎಂದು ದಫೇದಾರ ನಕ್ಕ. ಇನ್ಸ್‌ಪೆಕ್ಟರ್ ನಗಲಿಲ್ಲ. 212ರ ವಿಳಾಸವನ್ನು ದೂರಿನಲ್ಲಿದ್ದ ಕೆಲಸಗಾರನ ವಿಳಾಸದ ಪಕ್ಕ ಇಟ್ಟು ನೋಡುತ್ತಿದ್ದಳು. ಮನೆ ಸಂಖ್ಯೆ ಒಂದೇ, ಒಂದು ಕೆಳಗಿನ ಭಾಗ, ಇನ್ನೊಂದು ಮಹಡಿ. 212ರವನು ಯಾರೆಂದು ಜೊತೆಗೆ ಬಂದಿದ್ದ ಕೆಲಸಗಾರನನ್ನು ಕೇಳಿದಾಗ ಅವನ ಮುಖ ಸಣ್ಣದಾಯಿತು.

"ನಮ್ಮ ಷಡ್ಡಕ ಮೇಡಂ. ನನ್ನ ಹೆಂಡತಿಯ ಅಕ್ಕನ ಗಂಡ. ಅವರು ಅಂಥೋರಲ್ಲ."

ಅಂಥವರಲ್ಲ ಎಂದು ಹೇಳಿಸಿಕೊಂಡವರನ್ನೇ ಹಿಡಿದು ಹಿಡಿದು ಇನ್ಸ್‌ಪೆಕ್ಟರಿಗೆ ಹತ್ತೊಂಬತ್ತು ವರ್ಷ ಸರ್ವೀಸಾಗಿತ್ತು. 212ನ್ನು ಎತ್ತಿಕೊಂಡು ಕಿವಿ ವೈದ್ಯರ ಕೋಣೆಗೆ ನಡೆದಳು.

ವೈದ್ಯರು ಮೂರು ಗ್ರಾಫುಗಳನ್ನೂ ಹರಡಿದರು. ಶಬ್ದ ಕೇಳಿಸಿದಾಗ ಗುಂಡಿ ಒತ್ತಬೇಕು, ಅಷ್ಟೇ ಪರೀಕ್ಷೆ. ಮೊದಲ ದಿನ ಈತ ಸರಿಯಾಗಿ ಒತ್ತಿದ್ದ. ಇಷ್ಟೆಲ್ಲ ಕೇಳಿಸಿತೆಂದರೆ ಕೊಡುತ್ತಾರೋ ಇಲ್ಲವೋ ಎಂಬ ಭಯಕ್ಕೆ, ಆಮೇಲಿನ ಎರಡು ದಿನ ಕೇಳಿಸಿದ್ದಕ್ಕೂ ಒತ್ತದೆ ಕೂತಿದ್ದ. ಮೂರು ಗೆರೆ ಮೂರು ದಿಕ್ಕು ಹಿಡಿದವು. ನಂಬಲರ್ಹವಲ್ಲ ಎಂದು ವೈದ್ಯರು ಷರಾ ಬರೆದಿದ್ದರು.

"ಮೊದಲನೇದನ್ನೇ ನಂಬಿದ್ರೆ ಎಷ್ಟಾಗ್ತಿತ್ತು?"

"ನಲವತ್ತೊಂದು," ಎಂದರು ವೈದ್ಯರು.

ಅತಿಯಾಸೆ ಗತಿಕೇಡು ಎನ್ನುತ್ತಾರೆ. ಇದು ಆಸೆಯೂ ಅಲ್ಲ, ಬರೀ ಹೆದರಿಕೆ. ನಿಜವಾದ ಕಿವುಡ ಕಿವುಡನ ನಾಟಕವಾಡಿ ಸಿಕ್ಕಿಬಿದ್ದಿದ್ದ.

4.20ಕ್ಕೆ ಇನ್ಸ್‌ಪೆಕ್ಟರ್, ದಫೇದಾರ, ಇಬ್ಬರು ಪೇದೆಗಳು ಶೋಧನೆಗೆಂದು, ಇಬ್ಬರು ಪಂಚರನ್ನು ಕರೆದುಕೊಂಡು, ಷಡ್ಡಕನಿದ್ದ ಮಹಡಿ ಹತ್ತಿದರು. ಬಾಗಿಲು ತೆರೆದ ಹೆಂಡತಿ ಪೊಲೀಸರನ್ನು ಕಂಡು ಗಾಬರಿಯಾದರೂ ಬಾಯಿ ಮಾತ್ರ ನಿಲ್ಲಲಿಲ್ಲ. ಇವರಿಗೆ ಬೇಕಾದದ್ದು ಕೇಳಿಸುತ್ತದೆ, ಬೇಡದ್ದು ಕೇಳಿಸುವುದಿಲ್ಲ, ನಾಟಕವೆಂದು ಡಾಕ್ಟರೇ ಬರೆದುಕೊಟ್ಟಿದ್ದಾರೆ. ಕೆಳಗೆ ತಂಗಿಯ ಗಂಡನಿಗೆ ಪಾಪ ನಿಜವಾಗಿಯೂ ಕೇಳಿಸುವುದಿಲ್ಲ, ತಂಗಿ ಅವನೆದುರು ಕೂತು ನಿಧಾನವಾಗಿ ಮಾತಾಡುತ್ತಾಳೆ, ಚಿನ್ನದಂಥ ಮನುಷ್ಯ. ಇಷ್ಟನ್ನೂ ಅವಳು ಗಂಡನ ಬೆನ್ನಿಗೇ ಹೇಳುತ್ತಿದ್ದಳು. ಅವನು ಕಿಟಕಿಗೆ ಮುಖ ಮಾಡಿ ಕೂತಿದ್ದ. ಮನೆಗೆ ಆರು ಜನ ನುಗ್ಗಿದ್ದೂ ಗೊತ್ತಾಗಿರಲಿಲ್ಲ.

ಫೈಲು ಹಾಸಿಗೆಯ ಕೆಳಗೇ ಸಿಕ್ಕಿತು. ಒಂದು ಹಾಳೆಯೂ ಹರಿದಿರಲಿಲ್ಲ. ಅದರೊಳಗಿನ ಗ್ರಾಫಿನ ಮೇಲೆ ಷಡ್ಡಕ ತನ್ನ ಮೊದಲ ದಿನದ ಗ್ರಾಫಿನ ನಕಲು ಇಟ್ಟು, ತನ್ನ ಗೆರೆ ಕೆಳಮನೆಯವನದಕ್ಕಿಂತ ಕೆಳಗಿಳಿದಲ್ಲೆಲ್ಲ, ಅಂದರೆ ತನ್ನ ಕಿವಿಯೇ ಹೆಚ್ಚು ಮಂದವಾಗಿದ್ದ ಕಡೆಯೆಲ್ಲ, ಪೆನ್ಸಿಲಿನಿಂದ ಗುರುತು ಹಾಕಿದ್ದ. ಅಂಥ ಜಾಗ ನಾಲ್ಕೇ ನಾಲ್ಕು. ಜಪ್ತಿ ಪಂಚನಾಮೆ 5.10ಕ್ಕೆ ಮುಗಿಯಿತು.

ಇನ್ಸ್‌ಪೆಕ್ಟರ್ ಕುರ್ಚಿ ಎಳೆದು ಅವನೆದುರು ಕೂತು, ನಿಧಾನವಾಗಿ ಕೇಳಿದಳು.

"ಯಾಕೆ ತಗೊಂಡ್ರಿ?"

"ಒಂದೇ ಮಿಷನ್ನು ಮೇಡಂ. ಈ ಕಡೆ ನಾನು, ಆ ಕಡೆ ಅವನು. ಹದಿನಾಲ್ಕು ವರ್ಷ. ಮೊದಲು ಹೋಗಿದ್ದು ನನ್ನ ಕಿವಿ."

"ಹರಿದು ಹಾಕಲಿಲ್ಲವಲ್ಲ?"

"ಅವನ ಗೆರೆ ಹೇಗಿದೆ ಅಂತ ನೋಡಬೇಕಿತ್ತು. ಇಬ್ಬರಿಗೂ ಸಿಗದೇ ಇದ್ದಿದ್ರೆ ನಡೀತಿತ್ತು. ಶುಕ್ರವಾರ ಅವನಿಗೆ ಕಾಗದ ಬಂದ್ರೆ ಅವನದು ಕಾಯಿಲೆ, ನನ್ನದು ನಾಟಕ. ಈ ಮನೇಲಿ ನಾನು ಹೇಗೆ ಇರಲಿ?"

ಇನ್ಸ್‌ಪೆಕ್ಟರಿಗೆ ಪತ್ರಿಕೆಯ ಆ ಹೂಗುಚ್ಛ ನೆನಪಾಗಿ ತನ್ನ ಮೇಲೇ ಬೇಸರವಾಯಿತು. ನ್ಯಾಯಾಲಯದ ಅನುಮತಿ ಪಡೆದು ಫೈಲು ಗುರುವಾರವೇ ಆಸ್ಪತ್ರೆಗೆ ಮರಳಿತು, ಮರುದಿನ ಮಂಡಳಿ ನಲವತ್ತಮೂರನ್ನು ಖಾಯಂ ಮಾಡಿತು. ಅದೆಲ್ಲ ಆಮೇಲಿನ ಮಾತು. ಆ ಸಂಜೆ 5.50ಕ್ಕೆ ಮಹಡಿಯಲ್ಲೇ ಕೂತು ದಫೇದಾರ ಬಂಧನ ಪತ್ರ ತುಂಬತೊಡಗಿದ. ವಯಸ್ಸು, ಎತ್ತರ, ಮಚ್ಚೆ ಆದ ಮೇಲೆ ದೇಹಸ್ಥಿತಿಯ ಅಂಕಣ ಬಂತು. ಆರೋಗ್ಯವಂತ ಎಂದು ಬರೆಯುವುದು ರೂಢಿ. ಇನ್ಸ್‌ಪೆಕ್ಟರ್ ಪೆನ್ನು ಕಿತ್ತುಕೊಂಡು ತಾನೇ ಬರೆದಳು: ಎರಡೂ ಕಿವಿ ಮಂದ, ಹಿಂದಿನಿಂದ ಕರೆದರೆ ಕೇಳಿಸುವುದಿಲ್ಲ.

ಷಡ್ಡಕ ಆ ಸಾಲಿನ ಕೆಳಗೆ ಬೆರಳಿಟ್ಟು ಎರಡು ಸಲ ಓದಿದ. ಕೆಳಗೆ ಮೊಹರು ಇದೆಯೇ ಎಂದು ನೋಡಿದ. ಇತ್ತು.

"ಒಂದು ಪ್ರತಿ ಮನೆಯವರಿಗೆ ಕೊಡ್ತೀರಾ?"

"ಕೊಡಲೇಬೇಕು. ಕಾನೂನು," ಎಂದಳು ಇನ್ಸ್‌ಪೆಕ್ಟರ್.

ಸಹಿ ಹಾಕಿ, ಪ್ರತಿಯನ್ನು ಅವನೇ ಹೆಂಡತಿಯ ಕೈಗಿಟ್ಟ.

"ಓದು," ಎಂದ. "ಓದಿ ಆದ್ಮೇಲೆ ಕೆಳಗಿನವರಿಗೂ ತೋರಿಸು."

ಹಾಗೆಂದು, ಯಾರೂ ಹೇಳುವ ಮೊದಲೇ, ಜೀಪು ನಿಂತಿದ್ದ ಕಡೆಗೆ ಮೆಟ್ಟಿಲಿಳಿದ.